ಇಲ್ಲದ ಹಸಿರು ದಾರ

ಮೊಗುಲಮ್ಮ ಪ್ರಾರ್ಥನೆಗೆ ಬಾಯಿ ತೆರೆದಳೆಂದರೆ ಚರ್ಚಿನ ತಗಡಿನ ಮೇಲೆ ಕೂತ ಕಾಗೆಗಳು ಹಾರಿಹೋಗುತ್ತವೆ ಎಂದು ನಮ್ಮ ಊರಲ್ಲಿ ನಗೆಯಾಡುತ್ತಾರೆ. ನಗಲಿ. ಆ ಬಾಯಿಯ ಮಾತನ್ನು ಕದ್ದು, ಅದನ್ನೇ ದೇವರ ಮಾತೆಂದು ಅವಳಿಗೇ ತಿರುಗಿ ಮಾರಿ, ಒಬ್ಬ ಬಿಳಿ ಅಂಗಿಯವನು ಅವಳ ಮನೆಗೆ ಬೆಂಕಿ ಇಟ್ಟ. ಅವನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ಇಲ್ಲ.

ಮಾಗನೂರು ದಾಟಿ ಕೃಷ್ಣೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ನಮ್ಮ ಚರ್ಚಿನ ಸಂಘ ಸಣ್ಣದು. ಕೂಲಿಯವರು, ತುಂಡು ಹೊಲದವರು, ವರ್ಷದಲ್ಲಿ ಅರ್ಧ ಪುಣೆಯಲ್ಲೋ ಮುಂಬಯಿಯಲ್ಲೋ ಮಣ್ಣು ಹೊತ್ತು ಬರುವವರು. ಅದಕ್ಕೆ ನಾನು ಹಿರಿಯ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ದನ ಕಾಯುತ್ತ ಹಾಡಿನ ಪುಸ್ತಕದ ಅಕ್ಷರಗಳನ್ನು ಒಂದಕ್ಕೊಂದು ಗಂಟು ಹಾಕಿ ತೆಲುಗನ್ನೂ ಕನ್ನಡವನ್ನೂ ಓದಲು ಕಲಿತೆ. ಯಾರ ಹಂಗೂ ಇಲ್ಲದೆ ಕಲಿತದ್ದರಿಂದ ಯಾರ ಮುಲಾಜೂ ಇಲ್ಲದೆ ಬರೆಯುತ್ತೇನೆ.

ಮೊಗುಲಮ್ಮನ ಗಂಡ ಪುಣೆಯ ಕಡೆ ಪಾಯ ತೋಡುವಾಗ ಮಣ್ಣು ಕುಸಿದು ಸತ್ತ. ಆಗ ಅವಳ ಮಗ ಶ್ರೀನು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಹೆಣ ತಂದವರ ಮುಂದೆ ಎದೆ ಬಡಿದುಕೊಳ್ಳುತ್ತಿದ್ದವಳ ಕೈ ಹಿಡಿದು ಅವಳ ಅತ್ತೆ ಒಂದು ಮಾತು ಹೇಳಿದ್ದಳಂತೆ: "ಮಂದಿ ಮುಂದ ಅಳಬ್ಯಾಡ, ದೇವರ ಮುಂದ ಅಳು. ಮಂದಿ ಕಣ್ಣೀರು ನೋಡ್ತಾರ, ದೇವರು ಒರೆಸ್ತಾನ." ಅಂದಿನಿಂದ ಮೊಗುಲಮ್ಮ ಅದನ್ನೇ ನಡೆಸಿಕೊಂಡು ಬಂದಳು. ಕಳೆ ತೆಗೆಯುವಾಗ, ಮೆಣಸಿನಕಾಯಿ ಬಿಡಿಸುವಾಗ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬಂದು ಕೂತಳೆಂದರೆ ಮಾತ್ರ ವಾರದ ಹೊಟ್ಟೆಯುರಿಯನ್ನೆಲ್ಲ ದೇವರ ಮಡಿಲಿಗೆ ಸುರಿಯುತ್ತಿದ್ದಳು, ತವರಿನ ಅಣ್ಣನಿಗೆ ಹೇಳಿದ ಹಾಗೆ. ಎಮ್ಮೆ ಹಾಲು ಬತ್ತಿದ್ದು, ಮೇಸ್ತ್ರಿ ಕೆಟ್ಟ ಮಾತಾಡಿದ್ದು, ಪಕ್ಕದ ಬುಚ್ಚಮ್ಮ ಬದು ಒತ್ತಿದ್ದು, ಎಲ್ಲ.

ನಮ್ಮಲ್ಲಿ ಪ್ರಾರ್ಥನೆ ಹೇಗೆಂದು ತಿಳಿಯದವರಿಗೆ ಹೇಳಬೇಕು. ಒಬ್ಬರು ಮಾಡಿ ಮಿಕ್ಕವರು ಕೇಳುವುದಿಲ್ಲ. ಪಾಸ್ಟರ್ "ಪ್ರಾರ್ಥಿಸೋಣ" ಎಂದ ಕೂಡಲೇ ಎಲ್ಲರೂ ಒಟ್ಟಿಗೆ, ಕಣ್ಣು ಮುಚ್ಚಿ, ಗಟ್ಟಿಯಾಗಿ, ತಮ್ಮ ತಮ್ಮ ಗೋಳು ತೋಡಿಕೊಳ್ಳುತ್ತಾರೆ. ಹೊರಗಿನವರಿಗೆ ಅದು ಸಂತೆಯ ಗದ್ದಲ. ಒಳಗೆ ಕೂತ ಹೆಣ್ಣಿಗೆ ಮಾತ್ರ ಆ ಗದ್ದಲವೇ ಗೋಡೆ, ಅದೇ ಬಾಗಿಲು. ತನ್ನ ಮಾತು ಮಿಕ್ಕವರ ಮಾತಿನಲ್ಲಿ ಮುಳುಗುತ್ತದೆ, ದೇವರಿಗೊಬ್ಬನಿಗೇ ತೇಲುತ್ತದೆ ಎಂಬ ನಂಬಿಕೆ. ಎಲ್ಲರೂ ಕೂಗುತ್ತಿರುವಾಗ ಕೇಳಿಸಿಕೊಳ್ಳುವವರು ಯಾರಿದ್ದಾರು?

ಶ್ರೀನುವಿಗೆ ಮಾನೋಪಾಡು ಕಡೆಯಿಂದ ಪ್ರಶಾಂತಿ ಎಂಬ ಹುಡುಗಿಯನ್ನು ತಂದರು. ಮಾತು ಕಡಿಮೆ, ಕೈಕೆಲಸ ಜೋರು. ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬಲಿಲ್ಲ. ಒಂದು ದಿನ ಬುಚ್ಚಮ್ಮ ಬೇಲಿಯ ಆಚೆಯಿಂದ ಕತ್ತು ಚಾಚಿ, "ಏನವ್ವಾ ಮೊಗುಲಮ್ಮ, ನಿನ್ನ ಸೊಸಿ ಮಕ್ತಲದಾಗ ದರ್ಗಾದ ಬಾಗಲ್ದಾಗ ತಲಿಮ್ಯಾಲೆ ಸೆರಗು ಹೊಚ್ಚಿಕೊಂಡು ನಿಂತಿದ್ಲು, ನಿನಗ ಹೇಳಿ ಹೋಗಿದ್ಲೇನು?" ಎಂದಳು. ಬುಚ್ಚಮ್ಮ ಹೇಳಿದ್ದು ಇಷ್ಟೇ. ಮಿಕ್ಕದ್ದನ್ನು ಮೊಗುಲಮ್ಮನ ತಲೆಯೇ ನೇಯ್ದಿತು.

ಅದೇ ದಿನಗಳಲ್ಲಿ ಕಲ್ಯಾಣ್ ಎಂಬವನು ನಮ್ಮ ಸಂಘಕ್ಕೆ ಬಂದ. ಪ್ರವಾದಿ ಶೇಖರ್ ಎಂಬವರು ಮಕ್ತಲದಲ್ಲಿ ಕಡೆಯ ದಿನಗಳ ಎಚ್ಚರಿಕೆಯ ಕೂಟ ನಡೆಸುತ್ತಾರೆ, ಅದಕ್ಕೆ ಮುಂಚೆ ಪ್ರಾರ್ಥನೆಯಿಂದ ನೆಲ ಹದಮಾಡಲು ತನ್ನನ್ನು ಕಳಿಸಿದ್ದಾರೆ ಎಂದ. ಹಲ್ಲು ಬೆಳ್ಳಗೆ, ಮಾತು ಬೆಣ್ಣೆ. ಮೊಗುಲಮ್ಮನ ಮನೆಯಲ್ಲೇ ಜೋಳದ ರೊಟ್ಟಿ ಪುಂಡಿಪಲ್ಯ ತಿಂದ, "ಅಮ್ಮಾ, ನಿಮ್ಮಂಥ ಪ್ರಾರ್ಥನೆಯ ತಾಯಿ ಇರೋದಕ್ಕೇ ಈ ಊರು ನಿಂತೈತಿ" ಎಂದ. ಶುಕ್ರವಾರಗಳಲ್ಲಿ ಹೆಂಗಸರು ಕಣ್ಣು ಮುಚ್ಚಿ ಕೂಗುವಾಗ ಅವನು ಮಾತ್ರ ಎದ್ದು ಸಾಲುಗಳ ನಡುವೆ ಓಡಾಡುತ್ತಿದ್ದ. ಒಬ್ಬೊಬ್ಬಳ ಪಕ್ಕ ನಿಂತು, ಬಾಗಿ, ತಲೆಯ ಮೇಲೆ ಕೈಯಿಟ್ಟು ಮುಂದೆ ಹೋಗುತ್ತಿದ್ದ. ನಮಗಾಗಿ ಪ್ರಾರ್ಥಿಸುತ್ತಿದ್ದಾನೆ ಎಂದುಕೊಂಡೆವು. ಉಂಡ ಮನೆಯ ಗಳ ಎಣಿಸುವವರನ್ನು ಕೇಳಿದ್ದೆ. ಮಂಡಿಯೂರಿದ ಮುದುಕಿಯರ ಕಣ್ಣೀರು ಎಣಿಸುವವನನ್ನು ಅಲ್ಲೇ ನೋಡಿದ್ದು.

ಆ ಶುಕ್ರವಾರ ಮೊಗುಲಮ್ಮ ಸೊಸೆಯ ಸುದ್ದಿಯನ್ನು ದೇವರ ಮುಂದೆ ಇಟ್ಟಳು. ಹೊಟ್ಟೆಯುರಿ ಏರಿದಾಗ ನಾಲಿಗೆ ಕಂಡದ್ದು ಕಾಣದ್ದು ನೋಡುವುದಿಲ್ಲ. "ತಂದೇ, ನನ್ನ ಸೊಸಿ ದರ್ಗಾಕ್ಕ ಹೋಗಿ ಹಸಿರು ದಾರ ಕಟ್ಟಿಸಿಕೊಂಡು ಬಂದಾಳ, ಆ ಗಂಟು ನೀನಽ ಬಿಚ್ಚು ತಂದೇ" ಎಂದು ಎದೆ ಬಡಿದುಕೊಂಡು ಅತ್ತಳು. ಅವಳ ತಲೆಯ ಮೇಲೆ ಆಗ ಒಂದು ಕೈ ಇತ್ತು.

ಮಕ್ತಲದ ಕೂಟಕ್ಕೆ ಲಾರಿ ಮಾಡಿಕೊಂಡು ಹೋದೆವು. ಶ್ರೀನು, ಪ್ರಶಾಂತಿ, ಮೊಗುಲಮ್ಮ, ಬುಚ್ಚಮ್ಮ, ನಾನು, ಊರಿನ ಅರ್ಧ ಮಂದಿ. ಇಳಿಹೊತ್ತು. ಶೇಖರ್ ಎಂಬುವನು ಬಿಳಿ ಅಂಗಿ, ಬಿಳಿ ಬೂಟು ತೊಟ್ಟು ವೇದಿಕೆಯ ಮೇಲೆ ಅಂಕದ ಹುಂಜದ ಹಾಗೆ ತಿರುಗುತ್ತಿದ್ದ. ಕಡೆಯ ಕಾಲ ಬಂದಿದೆ ಎಂದ. ಸುಳ್ಳು ಪ್ರವಾದಿಗಳು ಏಳುತ್ತಾರೆ, ಆರಿಸಿಕೊಂಡ ಮಕ್ಕಳೂ ಮೋಸಹೋಗುತ್ತಾರೆ, ಎಚ್ಚರ, ಎಚ್ಚರ ಎಂದು ಗಂಟಲು ಹರಿಯುವಂತೆ ಕೂಗಿದ. ಮಾತು ಸುಳ್ಳಲ್ಲ. ಬೈಬಲಿನ ವಾಕ್ಯದಲ್ಲಿ ಇರುವುದೇ. ಅದಕ್ಕೇ ನನಗೆ ಇಂದಿಗೂ ಹೆಚ್ಚು ಉರಿಯುತ್ತದೆ. ತೋಳ ಬಂತು ತೋಳ ಎಂದು ಕೂಗುವವನ ಕಡೆಗೇ ಕುರಿಗಳು ಓಡುತ್ತವೆ. ಆ ಕೂಗಿದವನ ಹಲ್ಲನ್ನು ಯಾವ ಕುರಿ ನೋಡುತ್ತದೆ?

ಆಮೇಲೆ ಹೆಸರು ಕರೆಯತೊಡಗಿದ. ಒಬ್ಬಳ ಸೊಂಟನೋವು ಹೇಳಿದ, ಒಬ್ಬಳ ಮಗನ ಕುಡಿತ ಹೇಳಿದ. ಜನ ನೆಲಕ್ಕೆ ಬಿದ್ದು ಹೊರಳಿದರು. ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿ, ಕೈ ಎತ್ತಿ, "ಶ್ರೀನು! ಮಾಗನೂರು ಕಡೆಯ ಶ್ರೀನು ಎಲ್ಲಿ? ಕರ್ತನು ಕರೆಯುತ್ತಿದ್ದಾನೆ!" ಎಂದ. ಶ್ರೀನು ಎದ್ದು ನಿಂತ.

"ನಿನ್ನ ಮನೆಯ ತೊಟ್ಟಿಲು ಯಾಕೆ ಬರಿದಾಗಿದೆ ಗೊತ್ತೇನು, ಮಗನೇ? ನಿನ್ನ ಪಕ್ಕದಲ್ಲಿ ಕೂತ ಹೆಣ್ಣು ದರ್ಗಾಕ್ಕೆ ಹೋಗಿ ಹಸಿರು ದಾರ ಕಟ್ಟಿಸಿಕೊಂಡು ಬಂದಿದ್ದಾಳೆ! ಕರ್ತನು ನನಗೆ ತೋರಿಸುತ್ತಿದ್ದಾನೆ, ಆ ಹಸಿರು ದಾರ, ಆ ಗಂಟು! ಕಡೆಯ ದಿನಗಳಲ್ಲಿ ವಂಚನೆಯ ಆತ್ಮ ಹೊರಗಿನಿಂದ ಬರುವುದಿಲ್ಲ, ಹೆಂಡತಿಯಾಗಿ ಬರುತ್ತದೆ. ಹೊರಗೆ ಹಾಕು, ಮಗನೇ!"

ಸಾವಿರ ಕಣ್ಣು ಪ್ರಶಾಂತಿಯ ಮೇಲೆ ಬಿದ್ದವು. ಅವಳು ಬಾಯಿ ತೆರೆಯಲಿಲ್ಲ. ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ.

ಮನೆಗೆ ಬಂದ ಮೇಲೆ ಶ್ರೀನು ಹೊಸ್ತಿಲ ಹೊರಗೇ ನಿಂತು ಹೇಳಿದ: "ಐತವಾರ ಸಂಘದ ಮುಂದ ತಪ್ಪು ಒಪ್ಪಿಕೊ. ಸೋಮವಾರ ನಿನ್ನ ಊರಿನ ಬಸ್ಸು ಹತ್ತು. ಪ್ರವಾದಿ ಮಾತು ಮೀರಿ ನಾ ಸಂಸಾರ ಮಾಡಾಕ ಆಗಂಗಿಲ್ಲ."

ಪ್ರಶಾಂತಿ ಬಟ್ಟೆ ಮಡಚತೊಡಗಿದಳು. ಮೊಗುಲಮ್ಮ ಮೊದಲು ಬಿಗಿದುಕೊಂಡೇ ಇದ್ದಳು. ದೇವರು ತನ್ನ ಮೊರೆ ಕೇಳಿದ ಎಂಬ ಹಿಗ್ಗು ಒಂದು ಕಡೆ, ಮನೆ ಒಡೆಯುತ್ತದೆ ಎಂಬ ಹೆದರಿಕೆ ಒಂದು ಕಡೆ. ಕಡೆಗೆ ತಡೆಯಲಾರದೆ ಕೇಳಿದಳು.

"ಆ ದಾರ ಎಲ್ಲೈತಿ? ಕೊಡು, ನಾನಽ ಒಲಿಗೆ ಹಾಕ್ತೀನಿ. ದಾರ ಸುಟ್ರ ಪಾಪನೂ ಸುಡ್ತೈತಿ, ನೀ ಇಲ್ಲೇ ಇರು."

"ಯಾವ ದಾರ, ಅತ್ತಮ್ಮಾ?"

"ದರ್ಗಾದಾಗ ಕಟ್ಟಿಸಿಕೊಂಡದ್ದು."

"ನಾನು ದರ್ಗಾದೊಳಗ ಕಾಲಽ ಇಟ್ಟಿಲ್ಲ. ಪಕ್ಕದ ಔಷಧಿ ಅಂಗಡಿಗೆ ಹೋಗಿದ್ದೆ. ಬಸ್ಸು ಬರೋ ತನಕ ಅಲ್ಲಿ ಬೇವಿನ ಗಿಡದ ನೆಳ್ಳಾಗ ನಿಂತಿದ್ದೆ. ಬಿಸ್ಲಿಗೆ ಸೆರಗು ಹೊಚ್ಚಿದ್ದೆ. ದರ್ಗಾದವರು ಪಾಪ ಕುಡಿಯಾಕ ನೀರು ಕೊಟ್ರು. ಇಷ್ಟಽ."

"ಔಷಧಿ ಯಾಕ? ಏನಾಗೈತಿ ನಿನಗ?"

"ನನಗೇನೂ ಆಗಿಲ್ಲ. ಯಾರಿಗೆ ಆಗೈತಿ ಅನ್ನೋದನ್ನ ನಿನ್ನ ಮಗನ್ನ ಕೇಳು."

ಮೊಗುಲಮ್ಮ ನೆಟ್ಟಗೆ ಬುಚ್ಚಮ್ಮನ ಮನೆಗೆ ನಡೆದಳು. "ಲೇ ಬುಚ್ಚಿ, ನನ್ನ ಸೊಸಿ ಕೈಯಾಗ ಹಸಿರು ದಾರ ನೋಡಿದ್ಯಾ? ನಿನ್ನ ಮಕ್ಕಳ ಮ್ಯಾಲೆ ಆಣಿ ಮಾಡಿ ಹೇಳು."

"ಅಯ್ಯ, ನಾನೆಲ್ಲಿ ದಾರ ಅಂದೆನವ್ವಾ? ಸೆರಗು ಹೊಚ್ಚಿ ನಿಂತಿದ್ಲು ಅಂದೆ. ಬದುವಿನ ಜಗಳ ಇದ್ರೂ ನಾ ಕಂಡಷ್ಟಽ ಹೇಳಾಕಿ. ದಾರದ ಮಾತು ಪ್ರವಾದಿ ಬಾಯಾಗಽ ನಾನೂ ಕೇಳಿದ್ದು."

ಬುಚ್ಚಮ್ಮ ನೋಡಿಲ್ಲ. ಪ್ರಶಾಂತಿ ಕಟ್ಟಿಸಿಕೊಂಡಿಲ್ಲ. ಹಾಗಾದರೆ ಆ ಹಸಿರು ದಾರ ಎಲ್ಲಿಂದ ಬಂತು? ಮೊಗುಲಮ್ಮ ಬೀಸುವ ಕಲ್ಲಿನ ಪಕ್ಕ ಕೂತಳು. ತನ್ನ ನಾಲಿಗೆಯ ಮೇಲೇ ಅದು ಹುಟ್ಟಿದ್ದು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಲೆಯ ಮೇಲೆ ಕೂತಿದ್ದ ಆ ಬೆಚ್ಚನೆಯ ಕೈ ನೆನಪಾಯಿತು, ಬಾಗಿದ ಆ ಕಿವಿ ನೆನಪಾಯಿತು.

ಅವಳು ನಮ್ಮ ಮನೆಗೆ ಬಂದದ್ದು ಆಗ. ಅಂಗಳದಲ್ಲಿ ನಿಂತೇ ಕೇಳಿದಳು.

"ಅಣ್ಣಾ, ನೀನು ಓದಿಕೊಂಡಾಂವ. ಒಂದು ಮಾತು ಹೇಳು. ಇಲ್ಲದ ದಾರ ದೇವರಿಗೆ ಕಾಣ್ತೈತೇನು?"

ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಾನು ಹೇಳಿದೆ: "ಇದ್ದದ್ದು ಕಾಣ್ತೈತಿ, ಮುಚ್ಚಿಟ್ಟದ್ದು ಕಾಣ್ತೈತಿ. ಇಲ್ಲದ್ದು ದೇವರಿಗೆ ಹ್ಯಾಂಗ ಕಾಣಬೇಕವ್ವಾ? ದೇವರೇನು ನಿನ್ನ ಬಾಯಿ ನೋಡಿ ಸಾಕ್ಷಿ ಹೇಳ್ತಾನೇನು?"

"ಹಂಗಾದ್ರ ಅವ ದೇವರ ಕಡಿಂದ ಕೇಳಿಲ್ಲ. ನನ್ನ ಕಡಿಂದ ಕೇಳ್ಯಾನ. ನನ್ನ ತಪ್ಪೂ ಬಿಡದಂಗ ಹೇಳಿದ ಅಲ್ಲಣ್ಣಾ, ಸೂಳೇಮಗ."

ಆ ಬೈಗುಳವನ್ನು ನಾನು ತಡೆಯಲಿಲ್ಲ. ಇಲ್ಲಿ ಒಂದು ಮಾತು ಬರೆಯಲೇಬೇಕು. ಆತ್ಮಗಳು ದೇವರಿಂದ ಬಂದವೋ ಇಲ್ಲವೋ ಪರೀಕ್ಷಿಸಿ ನೋಡಿ ಎಂದು ಬೈಬಲಿನಲ್ಲಿ ನಮಗೆ ಹೇಳಿದೆ. ನಾವು ಪರೀಕ್ಷೆ ಎಂದರೆ ಪಕ್ಕದವರ ಕುಂಕುಮ ನೋಡುವುದು, ಸೊಸೆಯ ಕೈ ನೋಡುವುದು, ದರ್ಗಾದ ನೆರಳು ನೋಡುವುದು ಎಂದು ತಿಳಿದಿದ್ದೇವೆ. ವಂಚನೆ ಸರ್ಕಾರದಿಂದ ಬರುತ್ತದೆ, ಬೇರೆ ದೇವರ ಗುಡಿಯಿಂದ ಬರುತ್ತದೆ ಎಂದು ಕಾವಲು ಕೂತೆವು. ಅದು ನಮ್ಮದೇ ಹಾಡು ಹಾಡುತ್ತ, ನಮ್ಮದೇ ರೊಟ್ಟಿ ತಿನ್ನುತ್ತ ನಡುಮನೆಗೆ ಬಂದಾಗ ಚಾಪೆ ಹಾಸಿ ಕೂಡಿಸಿದೆವು. ಕ್ರಿಸ್ತನು ಇಂದೇ ಬರಲಿ, ನಾಳೆ ಬರಲಿ, ನಾನು ಅವನ ದಾರಿ ಕಾಯುವವನೇ. ಅವನ ಬರುವಿಕೆಯನ್ನು ಹೆದರಿಕೆಯ ಸರಕು ಮಾಡಿ ಮೈಕಿನಲ್ಲಿ ಮಾರುವವನನ್ನು ಕಂಡರೆ ಮಾತ್ರ ನನ್ನ ಕೈ ಕೋಲು ಹುಡುಕುತ್ತದೆ.

ಭಾನುವಾರ ಚರ್ಚು ತುಂಬಿತ್ತು. ಎಂದೂ ಬಾರದವರೂ ಬಂದಿದ್ದರು, ಒಂದು ಹೆಣ್ಣಿನ ತಲೆ ಬಾಗುವುದನ್ನು ನೋಡಲು. ನಮ್ಮ ಪಾಸ್ಟರ್ ಒಳ್ಳೆಯವನೇ, ಆದರೆ ಬೆನ್ನುಮೂಳೆ ಅರಳೆಯದು. "ತಂಗಿ ಪ್ರಶಾಂತಿ ಮುಂದೆ ಬಂದು ಒಪ್ಪಿಕೊಳ್ಳಲಿ. ಇಲ್ಲಾಂದ್ರ ಕರ್ತನ ಮೇಜಿನ ರೊಟ್ಟಿ-ದ್ರಾಕ್ಷಾರಸಕ್ಕ ಸೇರಿಸಾಕ ಬರಂಗಿಲ್ಲ" ಎಂದ. ಪ್ರಶಾಂತಿ ಏಳಲಿಲ್ಲ. ಎದ್ದವಳು ಮೊಗುಲಮ್ಮ.

"ಆಕಿ ಏನ್ ಒಪ್ಪಿಕೊಳ್ಳಬೇಕ್ರಿ? ಒಪ್ಪಿಕೊಳ್ಳಬೇಕಾದಾಕಿ ನಾನು. ಆ ಹಸಿರು ದಾರ ದರ್ಗಾದಾಗ ಇದ್ದಿಲ್ಲ, ಆಕಿ ಕೈಯಾಗ ಇದ್ದಿಲ್ಲ. ನನ್ನ ಬಾಯಾಗಷ್ಟ ಇತ್ತು. ಶುಕ್ರವಾರ ಪ್ರಾರ್ಥನಿಯಾಗ ಸಿಟ್ಟಿಗೆ ನಾನಽ ಕಟ್ಟಿ ಹೇಳಿದ ಸುಳ್ಳು ಅದು. ಕಲ್ಯಾಣ ನನ್ನ ತಲಿಮ್ಯಾಲೆ ಕೈಯಿಟ್ಟು ಅದನ್ನ ಕೇಳ್ಯಾನ, ಹೋಗಿ ತನ್ನ ಪ್ರವಾದಿಗೆ ಊದ್ಯಾನ. ದೇವರು ಹೇಳಿದ್ರ ಖರೇ ಹೇಳ್ತಿದ್ದ. ನನ್ನ ಸುಳ್ಳನ್ನ ದೇವರು ಯಾಕ ಹೇಳ್ತಾನ?"

ಹಿಂದಿನಿಂದ ಒಬ್ಬ ಮುದುಕಿ, "ಹಂಗಾದ್ರ ನನ್ನ ಸೊಂಟನೋವು ಅವನಿಗೆ ಹಿಂಗಽ ಗೊತ್ತಾತೇನು?" ಎಂದಳು.

"ನೀನು ವಾರ ವಾರ ಅದನ್ನಽ ಬಡಕೊಂತೀಯಲ್ಲ, ಊರ ನಾಯಿಗೂ ಗೊತ್ತೈತಿ" ಎಂದಳು ಬುಚ್ಚಮ್ಮ.

ಯಾರೋ ನಕ್ಕರು. ಪಾಸ್ಟರ್ ಮುಖ ಕೆಂಪಾಯಿತು. "ಮೊಗುಲಮ್ಮ, ಕೂಡ್ರು. ಅಭಿಷೇಕ ಹೊಂದಿದವರ ಮ್ಯಾಲೆ ಬಾಯಿ ಮಾಡಬಾರದು. ದೇವರ ಮುಂದ ಸುಳ್ಳು ಪ್ರಾರ್ಥನಿ ಮಾಡಿದ್ದು ನಿನ್ನ ತಪ್ಪು. ಅದಕ್ಕ ನಿನ್ನನ್ನಽ ಮೇಜಿನಿಂದ ದೂರ ಇಡಬೇಕಾಗ್ತೈತಿ."

ನೋಡಿ ನಮ್ಮ ನ್ಯಾಯ! ಕಳ್ಳ ದಾಟಿ ಹೋದ, ಬಾಗಿಲು ತೆರೆದಿಟ್ಟ ಮುದುಕಿಗೆ ದಂಡ. ನಾನು ಎದ್ದು, ಇಡುವುದಾದರೆ ನನ್ನನ್ನೂ ದೂರ ಇಡು, ಕಲ್ಯಾಣನಿಗೆ ಚಾಪೆ ಹಾಸಿದ ಎಲ್ಲರನ್ನೂ ಇಡು, ಆಮೇಲೆ ಗೋಡೆಗಳಿಗೆ ರೊಟ್ಟಿ ಮುರಿದು ಕೊಡು ಎಂದೆ. ಮೊಗುಲಮ್ಮ ನಮ್ಮಿಬ್ಬರ ಜಗಳಕ್ಕೆ ನಿಲ್ಲಲಿಲ್ಲ. ಗಂಡಸರ ಸಾಲಿನ ಕಡೆ ತಿರುಗಿದಳು.

"ನನ್ನನ್ನ ಎಲ್ಲಾದ್ರೂ ಇಡ್ರಿ. ಶ್ರೀನು, ನೀ ಏಳು. ಔಷಧಿ ಯಾರಿಗೆ?"

ಶ್ರೀನು ನೆಲ ನೋಡುತ್ತ ಕೂತ.

"ನಿನ್ನ ಹೇಂತಿ ಔಷಧಿ ತರಾಕ ಹೋಗಿದ್ಲು. ಯಾರಿಗೆ ಅಂತ ಆಕಿ ನನಗೂ ಹೇಳಿಲ್ಲ. ನಿನ್ನ ಮಾನ ಕಾಯಾಕ ಸಾವಿರ ಮಂದಿ ಮುಂದ ಬಾಯಿ ಮುಚ್ಚಿಕೊಂಡು ಕೂತ್ಲು. ನಿನ್ನ ಬಾಯಾಗ ಏನೈತಲೇ?"

ಅವನು ಎದ್ದ. ಮಾತಾಡುತ್ತಾನೆ ಎಂದುಕೊಂಡೆವು. ಎದ್ದವನು ಬಾಗಿಲಿನಿಂದ ಹೊರಗೆ ಹೋಗಿಬಿಟ್ಟ. ಕುತ್ತಿಗೆಯಿದ್ದೂ ತಲೆ ಎತ್ತದ ಗಂಡಸು.

ಪಾಸ್ಟರ್ ಮೆತ್ತಗಾಗಿ, "ಆಯ್ತು ತಂಗಿ, ನೀನು ಇರಬಹುದು" ಎಂದ. ಆಗ ಪ್ರಶಾಂತಿ ಸಂಘದ ಮುಂದೆ ಮೊದಲ ಸಲ ಬಾಯಿ ತೆರೆದಳು. "ಹೋಗು ಅಂದ್ರ ಹೋಗಾಕ, ಇರು ಅಂದ್ರ ಇರಾಕ ನಾನೇನು ಚರ್ಚಿನ ಕುರ್ಚಿಯೇನ್ರಿ?" ಎಂದಳು. ಮನೆಗೆ ಹೋಗಿ ಚೀಲ ತೆಗೆದುಕೊಂಡು ರಸ್ತೆಗೆ ಬಂದು ನಿಂತಳು.

ಮೊಗುಲಮ್ಮ ಹಿಂದೆಯೇ ಓಡಿ ಬಂದಳು. ಅವಳ ಕೈಯಲ್ಲೂ ಒಂದು ಗಂಟು.

"ನೀ ಎಲ್ಲಿಗೆ, ಅತ್ತಮ್ಮಾ?"

"ನಿನ್ನ ತವರಿಗೆ. ನಿಮ್ಮಪ್ಪ ನಿಮ್ಮವ್ವ ಈ ಸುದ್ದಿ ಈಗಾಗಲೇ ಕೇಳಿರ್ತಾರ, ಫೋನಿಗೆ ಕಾಲಿಲ್ಲ, ರೆಕ್ಕಿ ಅದಾವ. ಸುಳ್ಳು ಕಟ್ಟಿದಾಕಿ ನಾನು, ಅವರ ಮುಂದ ನಾನಽ ಬಂದು ಹೇಳ್ತೀನಿ."

"ಸೊಸಿ ಹಿಂದ ಅತ್ತಿ ತವರಿಗೆ ಹೋಗೋದು ಎಲ್ಯಾದ್ರೂ ಐತೇನು? ಮಂದಿ ನಗ್ತಾರ."

"ನಗಲಿ. ನನ್ನನ್ನ ನೋಡಿ ನಗೋದು ಅವರಿಗೆ ರೂಢಿ ಐತಿ."

ಬಸ್ಸು ಬಂತು. ಗದ್ವಾಲದಲ್ಲಿ ಇಳಿದರಂತೆ. ಅಲ್ಲಿ ಬೇರೆ ಬಸ್ಸಿಗೆ ಕಾಯುವಾಗ ಪ್ರಶಾಂತಿ ಹೇಳಿದಳಂತೆ: "ಅತ್ತಮ್ಮಾ, ಇನ್ನ ಮ್ಯಾಲೆ ನೀನು ದೇವರಿಗೆ ನಿನ್ನ ಸುದ್ದಿ ಹೇಳಿಕೊ. ನನ್ನ ಸುದ್ದಿ ನಾನಽ ಹೇಳ್ಕೊಂತೀನಿ." ಮೊಗುಲಮ್ಮ ಇದನ್ನು ನನಗೆ ಹೇಳುವಾಗ, "ಚಪ್ಪಲಿಲೆ ಹೊಡೆದಿದ್ರ ಇಷ್ಟು ಹತ್ತತಿದ್ದಿಲ್ಲಣ್ಣಾ" ಎಂದಳು.

ಮಾನೋಪಾಡು ಕಡೆಯ ಆ ಊರಲ್ಲಿ ಅವಳು ಬೀಗರ ಮುಂದೆ ಎಲ್ಲ ಹೇಳಿದಳು. ಪ್ರಶಾಂತಿಯ ತಾಯಿ ಉಗಿದಳು, ಮೊಗುಲಮ್ಮ ಅದನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ಹೇಳಿದಳು. ಮಗ ಬಂದು ಕರೆಯುವ ತನಕ ತಾನೂ ಹೋಗುವುದಿಲ್ಲ ಎಂದು ಅಲ್ಲೇ ಉಳಿದು ಸೊಸೆಯ ಜೊತೆ ಬೀಜದ ಹತ್ತಿಯ ಹೊಲಕ್ಕೆ, ಹೂವಿಗೆ ಹೂ ಮುಟ್ಟಿಸುವ ಕೂಲಿಗೆ ಹೋಗತೊಡಗಿದಳು.

ಶ್ರೀನು ಕೆಲವು ದಿನ ಹೋಟೆಲಿನ ಇಡ್ಲಿ ತಿಂದ, ಆಮೇಲೆ ನನ್ನ ಬಳಿ ಬಂದು ಕೂತ. ಮದುವೆಯಾದ ಕೆಲವು ವರ್ಷಕ್ಕೆ ರಾಯಚೂರಿನ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ, ಕೊರತೆ ಅವನಲ್ಲಿದೆ, ಔಷಧಿ ತಿಂದರೆ ಸರಿಹೋಗಬಹುದು ಎಂದು ಹೇಳಿದ್ದರಂತೆ. ಯಾರಿಗೂ ಹೇಳಬೇಡ ಎಂದು ಹೆಂಡತಿಯ ಕಾಲು ಹಿಡಿದವನು ಇವನೇ. ಪ್ರವಾದಿಯ ಮಾತು ಸುಳ್ಳು ಎಂದು ಆ ಸಾವಿರ ಜನರಲ್ಲಿ ಮೊದಲು ತಿಳಿದವನೂ ಇವನೇ.

"ಮತ್ತ ಯಾಕ ನಂಬಿದ್ಯೋ?"

"ನಂಬಿದ್ರ ನನಗ ಹಗುರ ಆಗ್ತಿತ್ತು, ದೊಡ್ಡಪ್ಪಾ."

ಕೆನ್ನೆಗೆ ಎರಡು ಬಿಡಬೇಕೆನಿಸಿತು. ಬಿಡಲಿಲ್ಲ, ಯಾಕೆಂದರೆ ಅದು ಅವನೊಬ್ಬನ ಮಾತಲ್ಲ. ಸುಳ್ಳು ಪ್ರವಾದಿ ನಮ್ಮನ್ನು ಕಣ್ಣು ಕಟ್ಟಿ ಎಳೆದೊಯ್ಯುವುದಿಲ್ಲ. ನಮಗೆ ಬೇಕಾದದ್ದನ್ನೇ ಹೇಳುತ್ತಾನೆ, ನಾವೇ ಕಣ್ಣು ಮುಚ್ಚಿಕೊಂಡು ಹಿಂದೆ ಹೋಗುತ್ತೇವೆ.

ಅವನನ್ನು ಕರೆದುಕೊಂಡು ನಾನೇ ಹೋದೆ. ಬೀಗರ ಮನೆಯ ಮುಂದೆ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು, ಗಂಡಸರು ಬೀಡಿ ಸೇದುತ್ತಿದ್ದರು. ಪ್ರಶಾಂತಿಯ ಅಪ್ಪ ನಮ್ಮನ್ನು ಕಂಡು, ಬೀಗತನದ ಮರ್ಯಾದೆಗೆ, "ಬರ್ರಿ, ಒಳಗ ಬರ್ರಿ" ಎಂದ. ಶ್ರೀನು ಚಪ್ಪಲಿ ಬಿಡಲು ಬಾಗಿದ.

"ಒಳಗ ಬ್ಯಾಡ," ಎಂದಳು ಪ್ರಶಾಂತಿ ಬಾಗಿಲಲ್ಲಿ ನಿಂತು. "ನನ್ನ ಮ್ಯಾಲೆ ಮಾತು ಬಂದದ್ದು ಬಯಲಾಗ. ನೀನೂ ಬಯಲಾಗಽ ಹೇಳು."

ಶ್ರೀನು ಅತ್ತಿತ್ತ ನೋಡಿದ. ನನ್ನನ್ನು ನೋಡಿದ, ನಾನು ಆಕಾಶ ನೋಡಿದೆ. ತಾಯಿಯನ್ನು ನೋಡಿದ, ಅವಳು ಕಟ್ಟೆಯ ಮೇಲೆ ಹತ್ತಿಯ ಹೂವಿನ ಹಳದಿ ಹತ್ತಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತ ಕೂತಿದ್ದಳು, ಕಾಪಾಡಲು ಏಳಲಿಲ್ಲ.

"ಆಕಿದು ಏನೂ ತಪ್ಪಿಲ್ಲ," ಎಂದ ಅವನು.

"ಅದು ನನಗೂ ಗೊತ್ತೈತಿ. ತಪ್ಪಿಲ್ಲದಾಕಿ ಔಷಧಿ ಅಂಗಡಿಗೆ ಯಾಕ ಹೋಗಿದ್ಲು?" ಎಂದಳು ಪ್ರಶಾಂತಿ.

"ನನಗ ಔಷಧಿ ತರಾಕ. ಕೊರತಿ ನಂದು. ಡಾಕ್ಟರು ನನ್ನ ಮುಂದಽ ಹೇಳಿದ್ರು. ಪ್ರವಾದಿ ಸುಳ್ಳು ಹೇಳುವಾಗ ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ."

ಬೀಡಿಯವರಲ್ಲಿ ಒಬ್ಬ ಕಿಸಕ್ಕೆಂದ. ಪ್ರಶಾಂತಿ ಅವನ ಕಡೆ ತಿರುಗಿ ನೋಡಿದ ನೋಟಕ್ಕೆ ಬೀಡಿ ಅವನ ಬಾಯಿಂದ ಜಾರಿತು. ಆಮೇಲೆ ಅವಳು ಗಂಡನಿಗೆ, "ಈಗ ಕಾಲು ತೊಳಕೊಂಡು ಒಳಗ ಬಾ" ಎಂದಳು. ಮರುದಿನ ನಾವು ನಾಲ್ವರೂ ಒಂದೇ ಬಸ್ಸಿನಲ್ಲಿ ಹಿಂದಿರುಗಿದೆವು. ಮಕ್ಕಳಾಗಲಿಲ್ಲ, ಇನ್ನೂ ಔಷಧಿ ನಡೆದಿದೆ, ಈಗ ಶ್ರೀನುವೇ ಹೋಗಿ ತರುತ್ತಾನೆ.

ಶೇಖರ್ ಎಂಬವನ ಕೂಟ ಈ ತಿಂಗಳು ನಾರಾಯಣಪೇಟೆಯಲ್ಲಿದೆಯಂತೆ. ನಮ್ಮ ಸಂಘದ ಅರ್ಧ ಮಂದಿ ಈಗಲೂ ಲಾರಿ ಹತ್ತುತ್ತಾರೆ; ಇಷ್ಟೆಲ್ಲ ಕೇಳಿದ ಮೇಲೂ "ದಾರದ ವಿಷಯದಾಗ ತಪ್ಪಿರಬಹುದು, ಮಿಕ್ಕದ್ದು ಖರೇ ಅಲ್ಲೇನು" ಎನ್ನುತ್ತಾರೆ. ಮೊಗುಲಮ್ಮ ಹತ್ತುವುದಿಲ್ಲ. ಶುಕ್ರವಾರ ಬಂದು, ಮೊದಲಿನ ಹಾಗೇ ಗಟ್ಟಿಯಾಗಿ ಕೂಗಿ ಪ್ರಾರ್ಥಿಸುತ್ತಾಳೆ. ಆದರೆ ಕಣ್ಣು ತೆರೆದುಕೊಂಡು.